ಬೇರು ತೋರಿಸಿ

"ತಳ್ಳಬೇಡ್ರೀ! ಗಿಡ ಎಲ್ಲೂ ಓಡಿಹೋಗಲ್ಲ!"

ಜನರಿಗೆ ಹೀಗೆ ಬುದ್ಧಿ ಹೇಳಿದ ನಮ್ಮ ದೊಡ್ಡಮ್ಮ ಮರುಕ್ಷಣವೇ ಮುಂದಿದ್ದವರ ಕಂಕುಳ ಕೆಳಗೆ ತಲೆ ತೂರಿಸಿ ಗೇಟು ದಾಟಿಬಿಟ್ಟಳು. ವಯಸ್ಸು ಎಪ್ಪತ್ತೊಂದು, ಎರಡೂ ಮಂಡಿ ನೋವು, ಹಿಂದೆ ಗಡಗಡ ಸದ್ದು ಮಾಡುವ ಎರಡು ಚಕ್ರದ ಕೈಗಾಡಿ. ಆದರೂ ಒಂಬತ್ತಕ್ಕೆ ಗಿಡಮೇಳದ ಬಾಗಿಲು ತೆರೆದಾಗ ಒಳಗೆ ನುಗ್ಗಿದ ಮೊದಲ ಹತ್ತು ಜನರಲ್ಲಿ ಅವಳಿದ್ದಳು. ನಲವತ್ತೊಂಬತ್ತರ ನಾನು, ಪತ್ತೇದಾರಿಕೆಯೇ ಕಸುಬಾದ ನಾನು, ಇನ್ನೂ ಗೇಟಿನಾಚೆ ಯಾರದೋ ಬ್ಯಾಗಿನ ಪಟ್ಟಿಗೆ ಸಿಕ್ಕಿಕೊಂಡು ಒದ್ದಾಡುತ್ತಿದ್ದೆ.

"ಲೇ, ಬೇಗ ಬಾರೇ! ಕಳ್ಳನ್ನ ಹಿಡೀಬೇಕೋ ಬೇಡ್ವೋ?"

ಸುತ್ತಲಿದ್ದ ಐವತ್ತು ತಲೆಗಳು ನನ್ನತ್ತ ತಿರುಗಿದವು. ಗುಟ್ಟು ಕಾಪಾಡುವುದರಲ್ಲಿ ನಮ್ಮ ದೊಡ್ಡಮ್ಮನದು ಎತ್ತಿದ ಕೈ. ನಾನು ಹಲ್ಲು ಕಡಿದುಕೊಂಡು ಅವಳ ಹಿಂದೆ ಓಡಿದೆ.

ನಾಲ್ಕು ವಾರದ ಹಿಂದೆ ಒಂದು ನರ್ಸರಿಯ ಪಾತಿಯಿಂದ ಬುಡಸಮೇತ ಮಾಯವಾದ ನೀಲಿ ಡೇಲಿಲ್ಲಿ ಇವತ್ತು ಈ ಮೇಳದಲ್ಲೇ ಹೊರಬೀಳುತ್ತದೆ ಎಂದು ನನ್ನ ಮನಸ್ಸು ಖಡಾಖಂಡಿತವಾಗಿ ಹೇಳುತ್ತಿತ್ತು.

ಯಾಕೆಂದರೆ ಬೇರೆ ದಾರಿಯೇ ಇಲ್ಲ. ಡೇಲಿಲ್ಲಿಯ ಬುಡ ವರ್ಷಗಟ್ಟಲೆ ಬದುಕುತ್ತದೆ, ಹೂವಿನ ಆಯಸ್ಸು ಮಾತ್ರ ಒಂದೇ ದಿನ. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಮರುದಿನ ಪಕ್ಕದ ಮೊಗ್ಗಿನ ಸರದಿ. ಹಳದಿ, ಕಿತ್ತಳೆ, ಕೆಂಪು, ನೇರಳೆ ಎಲ್ಲ ಬಣ್ಣವೂ ಅದರಲ್ಲಿದೆ. ನೀಲಿಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಆ ನರ್ಸರಿಯ ಒಡತಿ, ನಮ್ಮ ನರ್ಸರಿಯಮ್ಮ, ಹನ್ನೊಂದು ವರ್ಷ ಹೂವಿನಿಂದ ಹೂವಿಗೆ ಪರಾಗ ಸವರಿ, ಸಾವಿರಾರು ಸಸಿ ಬೆಳೆಸಿ, ಅದರಲ್ಲಿ ಒಂದೇ ಒಂದನ್ನು ಉಳಿಸಿಕೊಂಡು ನೀಲಿ ತಂದಿದ್ದಳು.

ಮೇಳದ ಹೊಸ ತಳಿಗಳ ಡೇರೆಯಲ್ಲಿ ಒಂದು ದಪ್ಪ ಪುಸ್ತಕವಿದೆ. ಹೂಬಿಟ್ಟ ಗಿಡವನ್ನೇ ಅಲ್ಲಿಗೆ ತಂದು ತೋರಿಸಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಅದರಲ್ಲಿ ಯಾರ ಹೆಸರು ಬೀಳುತ್ತದೋ ತಳಿ ಅವರದು, ಅವರಿಟ್ಟದ್ದೇ ಅದರ ಹೆಸರು. ಒಮ್ಮೆ ಸಹಿಯಾದ ಮೇಲೆ ಹೊಡೆದುಹಾಕುವ ಪದ್ಧತಿಯೇ ಇಲ್ಲ. ತನ್ನ ಹೂವಿಗೆ ಇಡಬೇಕಾದ ಹೆಸರನ್ನು ನರ್ಸರಿಯಮ್ಮ ಹನ್ನೊಂದು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದಾಳೆ, ಯಾರಿಗೂ ಹೇಳಿಲ್ಲ. ಅದನ್ನು ಇವತ್ತು ಅವಳು ಹೇಳಬೇಕು. ಅದು ನನ್ನ ಹಟವೂ ಆಗಿಹೋಗಿತ್ತು.

ಸತ್ಯ ಹೇಳುತ್ತೇನೆ, ನನಗೆ ಗಿಡದ ಗಂಧಗಾಳಿ ಇಲ್ಲ. ಇಪ್ಪತ್ತೆರಡು ವರ್ಷ ವಿಮೆಯವರಿಗಾಗಿ ಸುಳ್ಳು ಅರ್ಜಿಗಳನ್ನು ಹಿಡಿದುಕೊಟ್ಟವಳು ನಾನು. ನನ್ನ ಮನೆಯಲ್ಲಿ ಕಳ್ಳಿಗಿಡವೂ ಬಾಡುತ್ತದೆ. ಅದಕ್ಕೇ ದೊಡ್ಡಮ್ಮನನ್ನು ಕರೆತಂದಿದ್ದೆ. ಅವಳು ನನ್ನನ್ನು ಕರೆತಂದಳು ಎನ್ನುವುದೇ ಹೆಚ್ಚು ಸರಿ.

ಅಬ್ಬಾ, ಆ ಮೇಳ! ದೊಡ್ಡ ಮೈದಾನದ ಉದ್ದಕ್ಕೂ ಸಾಲು ಸಾಲು ಮಳಿಗೆ. ಒದ್ದೆ ಮಣ್ಣಿನ ವಾಸನೆ, ನೀರಿನ ಕ್ಯಾನು, ಹೆಸರು ಬರೆದ ಚೀಟಿಗಳು. ಜನರ ತಲೆ ಕಾಣುತ್ತಿರಲಿಲ್ಲ, ತಲೆಯ ಮೇಲೆ ಹೂವು ನಡೆದುಹೋಗುತ್ತಿತ್ತು. ಎರಡಾಳೆತ್ತರದ ನೇರಳೆ ತೆನೆಯೊಂದು ತನ್ನಷ್ಟಕ್ಕೆ ತಾನೇ ಸಾಗುತ್ತಿದೆ ಎಂದು ನೋಡಿದರೆ ಕೆಳಗೆ ಒಬ್ಬ ಪುಟ್ಟ ಮುದುಕ ಅದನ್ನು ಅಪ್ಪಿ ಹಿಡಿದಿದ್ದ. ಗೇಟಿನ ಬಳಿ "ಗಿಡಗಳ ಶಿಶುವಿಹಾರ" ಎಂಬ ಫಲಕ ಬೇರೆ. ಕೊಂಡ ಗಿಡಗಳನ್ನು ಅಲ್ಲಿ ಬಿಟ್ಟು ಚೀಟಿ ಪಡೆದು ಮತ್ತೆ ಕೊಳ್ಳಲು ಓಡುವ ಏರ್ಪಾಡು. ತಮ್ಮ ಮಕ್ಕಳನ್ನೂ ಇಷ್ಟು ಜೋಪಾನವಾಗಿ ಬಿಟ್ಟಿರಲಾರರು ಈ ಜನ.

ಹದಿನೈದು ನಿಮಿಷದಲ್ಲಿ ದೊಡ್ಡಮ್ಮನ ಕೈಗಾಡಿ ಅರ್ಧ ತುಂಬಿತು.

"ದೊಡ್ಡಮ್ಮ, ನಾವು ಬಂದಿರೋದು ಕೇಸಿಗೆ!"

"ನಾನೂ ಕೇಸಿಗೇ ಬಂದಿರೋದು. ಸುಮ್ನೆ ಅಡ್ಡಾಡಿದ್ರೆ ಅನುಮಾನ ಬರಲ್ವೇನೇ? ಗಿರಾಕಿ ಥರ ಇರ್ಬೇಕು. ಹಿಡ್ಕೋ ಇದನ್ನ." ಬೂದು ಎಲೆಯ ಒಂದು ಕುಂಡ ನನ್ನ ಎದೆಗೆ ಬಂತು. "ಹೊಸ ತಳಿ. ಹೋದ ವರ್ಷ ಇರಲಿಲ್ಲ. ಎಲೆ ಮುಟ್ಟಿ ನೋಡು, ಬೆಕ್ಕಿನ ಕಿವಿ ಥರ ಇದೆ!"

ಮುಟ್ಟಿ ನೋಡಿದೆ. ಹೌದು, ಹಾಗೇ ಇತ್ತು. ಇನ್ನೊಮ್ಮೆ ಮುಟ್ಟಿದೆ. ಕರ್ತವ್ಯ ನೆನಪಾಗಿ ಕೈ ತೆಗೆದೆ.

ಹೊಸ ತಳಿಗಳ ಡೇರೆಗೆ "ನೀಲಿ ಡೇಲಿಲ್ಲಿ" ಎಂದು ಹೆಸರು ಕೊಟ್ಟಿದ್ದವರು ಇಬ್ಬರು. ಮೊದಲನೆಯವನ ಮೇಜಿಗೆ ಹೋದೆವು. ಬಟ್ಟೆ ಸರಿಸಿದರೆ ಅಪ್ಪಟ ನೇರಳೆ ಹೂವು.

"ಇದು ನೀಲಿನಾ?" ಎಂದಳು ದೊಡ್ಡಮ್ಮ.

"ಬೆಳಿಗ್ಗೆ ಆರಕ್ಕೆ ಮನೆ ಹಿಂದೆ ನೆರಳಲ್ಲಿ ನೋಡಿದ್ರೆ ನೀಲಿನೇ ಕಾಣ್ಸುತ್ತೆ ಅಮ್ಮ," ಎಂದು ಅವನೇ ನಕ್ಕುಬಿಟ್ಟ. "ಪ್ರತಿ ವರ್ಷ ಬರೀತೀನಿ. ಪ್ರತಿ ವರ್ಷ ಬೈಸ್ಕೊಳ್ತೀನಿ."

ಅವನನ್ನು ಪಟ್ಟಿಯಿಂದ ತೆಗೆದೆ. ಅಷ್ಟರಲ್ಲಿ ಡೇರೆಯ ಆ ತುದಿಯಿಂದ ಒಂದು ಉದ್ಗಾರ ಎದ್ದಿತು. ಜನ ಅತ್ತ ವಾಲಿದರು. ಕುರ್ಚಿಯೊಂದು ಉರುಳಿತು. "ನೀಲಿ! ನಿಜವಾದ ನೀಲಿ!" ಎಂದು ಯಾರೋ ಕೂಗಿದರು.

ದೊಡ್ಡಮ್ಮ ಆಗಲೇ ಕೈಗಾಡಿಯನ್ನು ಮುಂದಿಟ್ಟುಕೊಂಡು ದಾರಿ ಮಾಡುತ್ತಿದ್ದಳು. "ಕಾಲು ನೋಡ್ಕೊಳ್ಳಿ, ಕಾಲು, ಕಾಲು!" ಜನ ಹಾರಿ ಹಾರಿ ಸರಿದರು.

ಮೇಜಿನ ಮೇಲೆ ಕಪ್ಪು ಕುಂಡದಲ್ಲಿ ಆ ಗಿಡ. ಸೊಂಟದೆತ್ತರದ ದಂಟು, ಅದರ ತುದಿಯಲ್ಲಿ ಅಂಗೈಯಗಲದ ಒಂದು ಹೂವು. ಫೋಟೋದಲ್ಲಿ ನೂರು ಸಲ ನೋಡಿದ್ದೆ, ಆದರೂ ಬಾಯಿ ತೆರೆದುಕೊಂಡೇ ನಿಂತೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಆಕಾಶಕ್ಕೆ ಬರುವ ಬಣ್ಣ, ಒಳಗೆ ಎಳೆ ಹಸಿರಿನ ಗಂಟಲು. ನನ್ನಂಥ ಅರಸಿಕಳಿಗೂ ರೋಮ ನಿಂತಿತು.

ದೊಡ್ಡಮ್ಮನ ಕಣ್ಣಲ್ಲಿ ನೀರು. "ಇದೇ ಕಣೇ," ಎಂದಳು ಪಿಸುಮಾತಿನಲ್ಲಿ. ಅವಳ ಬಾಯಿಂದ ಪಿಸುಮಾತು ಕೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಗಿಡದ ಹಿಂದೆ ನಿಂತಿದ್ದವನಿಗೆ ನಲವತ್ತರ ವಯಸ್ಸು. ಇಸ್ತ್ರಿ ಮಾಡಿದ ಅಂಗಿ, ಕನ್ನಡಿಯಂತೆ ಹೊಳೆಯುವ ಬೂಟು. ಇಡೀ ಮೈದಾನದಲ್ಲಿ ಮಣ್ಣು ಹತ್ತದ ಬೂಟು ಅದೊಂದೇ ಇದ್ದಿರಬೇಕು. ನಾನು ಅವನಿಗೆ ಮನಸ್ಸಿನಲ್ಲೇ ಬೂಟುರಾಯ ಎಂದು ಹೆಸರಿಟ್ಟೆ.

"ಎಷ್ಟು ವರ್ಷದ ಶ್ರಮ ಸಾರ್ ಇದು?" ಮುಖದ ತುಂಬ ಭಕ್ತಿ ತುಂಬಿಕೊಂಡು ಕೇಳಿದೆ.

"ಎಂಟು ವರ್ಷ ಮೇಡಂ. ಬೀಜ ಹಾಕಿದ ದಿನದಿಂದ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದೀನಿ."

"ಇದೊಂದೇ ಗಿಡಾನಾ? ಸೀಳಿ ಬೇರೆ ಮಾಡಿಲ್ವಾ?"

"ಛೆ ಛೆ! ಚಾಕು ಮುಟ್ಟಿಸಿಲ್ಲ. ಇರೋದು ಒಂದೇ ಬುಡ."

ಆ ಹೊತ್ತಿಗೆ ದೊಡ್ಡಮ್ಮನ ಬಲಗೈ ಹೂವಿನ ಹತ್ತಿರ ಹೋಯಿತು. ಅವನು ಥಟ್ಟನೆ ಅಡ್ಡ ಬಂದ. "ಮುಟ್ಟಬೇಡಿ ಅಮ್ಮ."

"ತಪ್ಪಾಯ್ತಪ್ಪ," ಎಂದು ದೊಡ್ಡಮ್ಮ ಕೈ ಹಿಂದೆ ತೆಗೆದುಕೊಂಡಳು. ಆಮೇಲೆ ನನ್ನ ಮೊಣಕೈ ಹಿಡಿದು ಡೇರೆಯ ಹೊರಗೆ ಎಳೆದುಕೊಂಡು ಹೋದಳು. ನೀರಿನ ತೊಟ್ಟಿಯ ಹಿಂದೆ ನಿಂತ ಮೇಲೆ ಅವಳ ಮುಖ ಕೆಂಡವಾಗಿತ್ತು.

"ಅವನು ಡೇಲಿಲ್ಲಿ ಬೆಳೆಸಿದವನೇ ಅಲ್ಲ!"

"ಹೇಗೆ ಹೇಳ್ತೀಯ?"

"ದಂಟಿನ ಮೇಲೆ ನಿನ್ನೆಯ ಹೂವು ಹಾಗೇ ಇದೆ. ಕೊಳೆತು ಲೊಳಲೊಳ ಅಂತಿದೆ. ಡೇಲಿಲ್ಲಿ ಸಾಕೋರು ಬೆಳಿಗ್ಗೆ ಎದ್ದು ಹಲ್ಲುಜ್ಜೋಕೆ ಮುಂಚೆ ನಿನ್ನೆಯ ಹೂವು ಮುರಿದು ಬಿಸಾಕ್ತಾರೆ. ಬೇರೆಯವರ ಮನೆಗೆ ಹೋದ್ರೂ ಕೈ ಸುಮ್ನಿರಲ್ಲ. ಈಗ ನನ್ನ ಕೈ ಹೋಯ್ತಲ್ಲ, ನಾನು ಕಳಿಸಿದ್ದಲ್ಲ ಅದು, ತಾನಾಗೇ ಹೋಯ್ತು! ಎಂಟು ವರ್ಷ ಬೆಳೆಸಿದೋನಿಗೆ, ಪ್ರದರ್ಶನಕ್ಕೆ ಇಡೋ ದಿನ, ಅದು ಕಣ್ಣಿಗೆ ಬೀಳಲ್ವಾ?"

ಇಂಥ ಸಾಕ್ಷಿಗಾಗಿ ನಾನು ನಾಲ್ಕು ವಾರ ಚಪ್ಪಲಿ ಸವೆಸಿದ್ದೆ. ದೊಡ್ಡಮ್ಮ ನಾಲ್ಕು ನಿಮಿಷದಲ್ಲಿ ಹಿಡಿದಿದ್ದಳು.

"ಇನ್ನೊಂದು ಕೇಳು," ಎಂದಳು. "ಇದರ ಎಲೆ ಬೀಸಣಿಗೆ ಥರ ಬಿಚ್ಕೊಂಡು ಬರುತ್ತೆ. ಬೀಜದಿಂದ ಬಂದ ಬುಡ ಆದ್ರೆ ಬೀಸಣಿಗೆಗಳು ಸುತ್ತ ದುಂಡಗೆ ಹಬ್ಬುತ್ವೆ. ಇದರಲ್ಲಿ ಮೂರೂ ಒಂದೇ ಕಡೆ. ಆ ಪಕ್ಕ ಗೋಡೆ ಥರ ಚಪ್ಪಟೆ. ಅದು ಸೀಳಿದ ಬುಡ ಕಣೇ. ಚಾಕು ಮುಟ್ಟಿಸಿಲ್ವಂತೆ, ಬಾಯಿ ಬಿಟ್ರೆ ಬರೀ ಬೊಗಳೆ!"

ಹತ್ತೂವರೆ. ನಾವು ನರ್ಸರಿಯಮ್ಮನ ಮಳಿಗೆಗೆ ಓಡಿದೆವು.

ಅವಳು ಮಳಿಗೆಯ ಹಿಂದೆ, ಬೋರಲು ಹಾಕಿದ ಕುಂಡದ ಮೇಲೆ ಕೂತಿದ್ದಳು. ಅರವತ್ತರ ಹೆಂಗಸು, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಮಣ್ಣು. ವ್ಯಾಪಾರ ನೋಡಿಕೊಳ್ಳುತ್ತಿದ್ದವಳು ಮಗಳು. ಮೂವತ್ತರ ಚುರುಕು ಹುಡುಗಿ. ಗಿಡ ಕಳುವಾದ ಮೂರನೇ ದಿನ ನನ್ನ ಆಫೀಸಿಗೆ ಬಂದು, "ಅಮ್ಮ ಊಟ ಬಿಟ್ಟಿದಾಳೆ, ಏನಾದ್ರೂ ಮಾಡಿ ಅಕ್ಕಾ," ಎಂದು ಕಣ್ಣೀರಿಟ್ಟು ಈ ಕೇಸು ಒಪ್ಪಿಸಿದವಳು ಅವಳೇ.

"ಸಿಕ್ತು," ಎಂದೆ.

ಮಗಳ ಕೈಯಲ್ಲಿದ್ದ ನೀರಿನ ಕ್ಯಾನು ಕೆಳಗೆ ಬಿತ್ತು. ನರ್ಸರಿಯಮ್ಮ ಎದ್ದು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, "ಹೂವು ಬಿಟ್ಟಿದ್ಯಾ?" ಎಂದು ಮಾತ್ರ ಕೇಳಿದಳು.

"ಬಿಟ್ಟಿದೆ."

"ಬಾಡಿಲ್ವಲ್ಲ?"

"ಇಲ್ಲ ಕಣಮ್ಮ. ರಾಜಗಾಂಭೀರ್ಯದಿಂದ ನಿಂತಿದೆ," ಎಂದಳು ದೊಡ್ಡಮ್ಮ.

ನರ್ಸರಿಯಮ್ಮ ಆಗ ಅತ್ತಳು. ಒಂದೇ ಒಂದು ಸಲ, ಬಿಕ್ಕಳಿಕೆಯಂತೆ. ಅಳು ಮುಗಿಸಿ ನಡೆಯಲು ಶುರುಮಾಡಿದಳು.

"ಅಮ್ಮಾ, ನೀನು ಬರಬೇಡ," ಮಗಳು ಅಡ್ಡ ನಿಂತಳು. "ನಿನಗೆ ಬಿಪಿ ಇದೆ. ಅಕ್ಕ ಇದಾರಲ್ಲ, ಅವರು ನೋಡ್ಕೊಳ್ತಾರೆ."

"ಪಕ್ಕಕ್ಕೆ ಸರಿಯೇ ಪುಟ್ಟಿ. ಹನ್ನೊಂದು ವರ್ಷ ಬಿಪಿ ಬರಲಿಲ್ಲ, ಈಗ ಬರುತ್ತಾ?"

ದಾರಿಯಲ್ಲಿ ನಾನು ಕೇಳಿದೆ, "ಅಮ್ಮ, ಫೋಟೋ ಇದೆ, ನೋಟ್‌ಬುಕ್ ಇದೆ. ಆದ್ರೆ ಆ ಗಿಡವೇ ನಿಮ್ಮ ಗಿಡ ಅಂತ ಹೇಳೋಕೆ ಗಿಡದಲ್ಲೇ ಏನಾದ್ರೂ ಇದೆಯಾ?"

"ಇದೆ. ಬುಡದಲ್ಲಿ ತಗಡಿದೆ."

"ತಗಡಾ?"

"ಮೇಲಿನ ಚೀಟಿ ಬಿಸಿಲಿಗೆ ಮಾಸುತ್ತೆ, ಹಕ್ಕಿ ಕಿತ್ಕೊಂಡು ಹೋಗುತ್ತೆ. ಅದಕ್ಕೇ ನಮ್ಮನೇಲಿ ಒಂದು ಅಭ್ಯಾಸ. ಖಾಲಿ ಡಬ್ಬದ ತಗಡು ಬೆರಳುದ್ದ ಕತ್ತರಿಸಿ, ಇಂಕು ಮುಗಿದ ಪೆನ್ನಲ್ಲಿ ಒತ್ತಿ ಬರೀತೀವಿ. ಗಿಡದ ನಂಬರು, ನೆಟ್ಟ ದಿನ, ನೆಟ್ಟೋರ ಗುರುತು. ಬೇರಿನ ಮಧ್ಯೆ ಹೂತುಬಿಡ್ತೀವಿ. ನನ್ನದು ಎರಡು ಚುಕ್ಕಿ. ಗಿಡ ಸತ್ತರೆ ಯಾರು ಬೈಸ್ಕೋಬೇಕು ಅಂತ ಗೊತ್ತಾಗಬೇಕಲ್ಲ!"

"ಕಳ್ಳ ಅದನ್ನ ತೆಗೆದು ಬಿಸಾಕಿರ್ತಾನೆ ಅಮ್ಮಾ," ಎಂದಳು ಮಗಳು. ಅವಳ ದನಿ ಒಣಗಿತ್ತು.

"ತೆಗೆಯಲ್ಲ. ಮೊಗ್ಗಿರೋ ಗಿಡದ ಬೇರು ಕೆದಕಿದ್ರೆ ಮೊಗ್ಗು ಉದುರಿಹೋಗುತ್ತೆ. ಪ್ರದರ್ಶನಕ್ಕೆ ತರೋನು ಮಣ್ಣು ಅಲ್ಲಾಡದ ಹಾಗೆ ಎತ್ತಿಟ್ಟಿರ್ತಾನೆ. ಹೂವಿನ ಆಸೆಗೆ ಬೇರು ಮುಟ್ಟಿರಲ್ಲ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಕಳ್ಳನೇ ಸಾಕ್ಷಿಯನ್ನು ಜೋಪಾನ ಮಾಡಿ, ನೀರು ಹಾಕಿ, ಹೊತ್ತು ತಂದು ಮೇಜಿನ ಮೇಲೆ ಇಟ್ಟಿದ್ದಾನೆ! ಇಪ್ಪತ್ತೆರಡು ವರ್ಷದಲ್ಲಿ ಇಂಥ ಉಪಕಾರ ನನಗೆ ಯಾವ ಕಳ್ಳನೂ ಮಾಡಿರಲಿಲ್ಲ.

ಡೇರೆ ಸೇರಿದಾಗ ಹನ್ನೊಂದು ಇಪ್ಪತ್ತು. ನೀಲಿ ಹೂವಿನ ಮುಂದೆ ಮುಖ್ಯ ತೀರ್ಪುಗಾರರು ನಿಂತಿದ್ದರು. ಬಿಳಿ ಗಡ್ಡ, ಹೆಗಲಿಗೆ ಬಟ್ಟೆಯ ಚೀಲ, ಕಂಕುಳಲ್ಲಿ ಆ ದಪ್ಪ ಪುಸ್ತಕ. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ನರ್ಸರಿಯಮ್ಮನಿಗೆ ಪರಾಗ ಸವರುವುದನ್ನು ಕೈ ಹಿಡಿದು ಕಲಿಸಿದವರು ಅವರೇ.

ಅವಳು ಹೋಗಿ ಗಿಡದ ಮುಂದೆ ನಿಂತಳು. ಎರಡು ಬೆರಳಿನಿಂದ ನಿನ್ನೆಯ ಕೊಳೆತ ಹೂವನ್ನು ಮುರಿದು ಜೇಬಿಗೆ ಹಾಕಿಕೊಂಡಳು. ಬೂಟುರಾಯನಿಗೆ ತಡೆಯಲೂ ತೋಚಲಿಲ್ಲ.

"ಮೇಷ್ಟ್ರೇ, ಈ ಗಿಡ ನಂದು," ಎಂದಳು.

ಜನ ಇನ್ನಷ್ಟು ಹತ್ತಿರ ಸರಿದರು.

"ಏನಿದು ತಮಾಷೆ?" ಬೂಟುರಾಯ ಹುಬ್ಬೇರಿಸಿದ. "ಇವರು ಯಾರು? ನಾನು ಇವರನ್ನ ನೋಡೇ ಇಲ್ಲ!"

"ನಾಲ್ಕು ವಾರದ ಹಿಂದೆ ಇವರ ಪಾತಿಯಿಂದ ಹೋದ ಗಿಡ ಇದು," ಎಂದೆ ನಾನು ಮುಂದೆ ಬಂದು. ಭಕ್ತಿಯ ಮುಖವನ್ನು ಆಗಲೇ ಕಳಚಿದ್ದೆ. "ನೀವು ಬೀಜದಿಂದ ಬೆಳೆಸಿದ್ದು ಅಂದ್ರಿ. ಸೀಳಿಲ್ಲ ಅಂದ್ರಿ. ಹಾಗಾದ್ರೆ ಬುಡದ ಒಂದು ಪಕ್ಕ ಯಾಕೆ ಚಪ್ಪಟೆ?"

"ಅದು... ಕುಂಡದ ಅಂಚಿಗೆ ಒತ್ಕೊಂಡು ಬೆಳೆದಿದೆ."

"ಚಪ್ಪಟೆ ಇರೋದು ಕುಂಡದ ಮಧ್ಯಕ್ಕೆ. ಮಧ್ಯದಲ್ಲೂ ಅಂಚಿರುತ್ತಾ ನಿಮ್ಮ ಕುಂಡದಲ್ಲಿ?"

ಜನ ನಕ್ಕರು. ಬೂಟುರಾಯನ ಹಣೆಯಲ್ಲಿ ಬೆವರು ಮೂಡಿತು.

ಮೇಷ್ಟ್ರು ಕೈ ಎತ್ತಿದರು. ಮೆತ್ತಗಿನ, ತಂದೆಯಂಥ ದನಿ. "ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ ಮಗಳೇ. ನಿನ್ನ ನೋಟ್‌ಬುಕ್ಕೂ ನೋಡಿದೀನಿ, ಫೋಟೋನೂ ನೋಡಿದೀನಿ. ಆದ್ರೆ ಫೋಟೋಗೆ ಬೇರಿರಲ್ಲ. ಇವತ್ತು ಇಲ್ಲಿ ಗಿಡ ತಂದಿರೋರು ಇವರು. ನಿಯಮ ನನ್ನ ಕೈಯಲ್ಲಿಲ್ಲ." ಅವರು ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿದರು. "ಹನ್ನೆರಡರ ತನಕ ಯಾಕೆ, ಈಗಲೇ ಮುಗಿಸಿಬಿಡೋಣ."

ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಒಂದು ಕಂಚಿನ ಕಂಠ ಕೇಳಿಸಿತು.

"ಬೇರು ತೋರಿಸಿ!"

ದೊಡ್ಡಮ್ಮ. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಆಮೇಲೆ ತಿಳಿದದ್ದು: ಆ ಮೇಳ ಶುರುವಾದ ದಿನದಿಂದ ಅದೊಂದು ಪದ್ಧತಿ. ಯಾವ ಮಳಿಗೆಯಲ್ಲೇ ಆಗಲಿ, ಯಾರೇ ಆಗಲಿ, "ಬೇರು ತೋರಿಸಿ" ಎಂದರೆ ಗಿಡದವನು ಕುಂಡ ಕಳಚಿ ಬೇರು ತೋರಿಸಲೇಬೇಕು. ಹುಳ ಇಲ್ಲ, ಕೊಳೆ ಇಲ್ಲ ಎಂದು ಗಿರಾಕಿಗೆ ನಂಬಿಕೆ ಬರಲಿ ಎಂದು. ತೋರಿಸುವುದಿಲ್ಲ ಎಂದವನ ಮಳಿಗೆಗೆ ಮರುವರ್ಷ ಯಾರೂ ಕಾಲಿಡುವುದಿಲ್ಲ.

"ಇದು ಮಾರಾಟದ ಗಿಡ ಅಲ್ಲಮ್ಮ, ಸ್ಪರ್ಧೆಯದು," ಎಂದರು ಮೇಷ್ಟ್ರು. "ಆ ಪದ್ಧತಿ ಇದಕ್ಕಿಲ್ಲ. ಹೂವಿಗೆ ಪೆಟ್ಟಾಗುತ್ತೆ."

"ಇದಕ್ಕಿಲ್ಲ ಅಂತ ಎಲ್ಲಿ ಬರೆದಿದೆ ಮೇಷ್ಟ್ರೇ? ಮೂವತ್ತು ವರ್ಷದಿಂದ ಬರ್ತಿದೀನಿ, ನಾನು ಓದಿಲ್ಲ. ಯಾರಾದ್ರೂ ಓದಿದೀರೇನ್ರೀ?"

"ಇಲ್ಲ!" ಎಂದಿತು ಗುಂಪು.

"ಬೇರು ತೋರಿಸಿ!" ಹಿಂದಿನಿಂದ ಇನ್ನೊಬ್ಬರು ಕೂಗಿದರು. ಆ ನೇರಳೆ ಹೂವಿನವನು! "ತೋರ್ಸಯ್ಯಾ! ನಾನು ಪ್ರತಿ ವರ್ಷ ಮಾನ ಕಳ್ಕೊಂಡು ತೋರಿಸ್ತೀನಿ, ನಿನಗೇನು?"

ಡೇರೆ ತುಂಬ ಒಂದೇ ಮಾತು. ಬೇರು ತೋರಿಸಿ, ಬೇರು ತೋರಿಸಿ. ಕಂಬಗಳೂ ಅಲ್ಲಾಡಿದವು. ಬೂಟುರಾಯ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಪುಸ್ತಕ ನೋಡುತ್ತಿದ್ದರು.

"ಹಿಡ್ಕೊಳ್ಳಿ, ನಾನೇ ಕಳಚ್ತೀನಿ," ಎಂದು ದೊಡ್ಡಮ್ಮ ಅವನನ್ನು ಪಕ್ಕಕ್ಕೆ ಸರಿಸಿದಳು. ದಂಟನ್ನು ನನ್ನ ಕೈಗೆ ಕೊಟ್ಟಳು. "ಉಸಿರು ಬಿಡಬೇಡ. ಹೂವಿಗೆ ಏನಾದ್ರೂ ಆದ್ರೆ ನಿನ್ನ ಚರ್ಮ ಸುಲಿದುಬಿಡ್ತೀನಿ."

ಅವಳು ಬುಡದ ಸುತ್ತ ಬೆರಳು ಹರಡಿ, ಕುಂಡವನ್ನು ಓರೆ ಮಾಡಿ, ಅಂಚನ್ನು ಮೇಜಿಗೆ ಟಪ್ ಟಪ್ ಎಂದು ಎರಡೇ ಸಲ ಕುಟ್ಟಿದಳು. ಕುಂಡ ಟೋಪಿಯಂತೆ ಕಳಚಿ ಬಂತು. ಮಣ್ಣಿನ ಮುದ್ದೆ, ಸುತ್ತ ಬಿಳಿಬಿಳಿ ದಪ್ಪ ಬೇರು. ಮೇಲಿನ ಹೂವು ಸ್ವಲ್ಪ ತೂಗಿತು, ಅಷ್ಟೇ. ನೂರು ಜನ ಒಟ್ಟಿಗೆ ಉಸಿರು ಬಿಟ್ಟರು.

ಚಪ್ಪಟೆ ಪಕ್ಕದಲ್ಲಿ ಚಾಕುವಿನ ಗಾಯ ಸ್ಪಷ್ಟವಾಗಿತ್ತು. ಅದರ ಮೇಲೆ, ಗಾಯ ಕೊಳೆಯದಿರಲಿ ಎಂದು ಸವರುವ ಇದ್ದಿಲಪುಡಿಯ ಕಪ್ಪು. ಆ ಕಪ್ಪಿನ ಕೆಳಗೆ, ಎರಡು ಬೇರುಗಳ ಹಿಡಿತದಲ್ಲಿ, ಏನೋ ಮಿಣಕ್ ಎಂದಿತು.

"ತಗಡು!" ನಾನು ಕಿರುಚಿದೆ. ಕಸುಬಿನ ಘನತೆ ಗಾಳಿಗೆ ಹೋಯಿತು. "ಸಿಕ್ತು! ಅಮ್ಮ, ನಿಮ್ಮ ತಗಡು!"

ಗುಂಪಿನಲ್ಲಿ ಚಪ್ಪಾಳೆ. ಬೂಟುರಾಯ ಬಿಳಿಚಿಕೊಂಡು ಕುರ್ಚಿಗೆ ಕುಸಿದ. ನರ್ಸರಿಯಮ್ಮ ಮುಂದೆ ಬಂದು, ಮಗುವಿನ ಕಾಲಿನಿಂದ ಮುಳ್ಳು ತೆಗೆಯುವವಳಂತೆ ಬೇರು ಬಿಡಿಸಿ ತಗಡನ್ನು ಹೊರತೆಗೆದಳು. ಹೆಬ್ಬೆರಳಿನಿಂದ ಮಣ್ಣು ಒರೆಸಿದಳು. ಅವಳ ಮುಖದಲ್ಲಿ ಹನ್ನೊಂದು ವರ್ಷದ ನಗು ಬಂದು ನಿಂತಿತ್ತು.

ಆ ನಗು ನನ್ನ ಕಣ್ಣೆದುರೇ ಆರಿಹೋಯಿತು.

ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಗಿಡದ ನಂಬರು ಸರಿಯಾಗಿತ್ತು. ಅದರ ಕೆಳಗೆ ದಿನಾಂಕ. ಗಿಡ ಕಳುವಾದದ್ದು ನಾಲ್ಕು ವಾರದ ಹಿಂದೆ. ಈ ತಗಡು ಬರೆದದ್ದು ಐದು ತಿಂಗಳ ಹಿಂದೆ. ಅಂದರೆ ಕಳ್ಳತನಕ್ಕೆ ಎಷ್ಟೋ ಮೊದಲೇ ಯಾರೋ ತಾಯಿಗಿಡವನ್ನು ಸೀಳಿದ್ದಾರೆ. ಮನೆಯವರೇ. ತಗಡು ಹೂಳುವ ಅಭ್ಯಾಸ ಇರುವವರೇ.

ಕೊನೆಯಲ್ಲಿ ಗುರುತು. ಎರಡು ಚುಕ್ಕಿ ಇರಲಿಲ್ಲ. ಒಂದು ಸಣ್ಣ ಎಲೆಯ ಚಿತ್ರವಿತ್ತು.

"ಇದು ಯಾರ ಗುರುತು?" ಮೆಲ್ಲಗೆ ಕೇಳಿದೆ.

ನರ್ಸರಿಯಮ್ಮ ತಲೆ ಎತ್ತಿ, ಗುಂಪಿನ ಆಚೆ ಡೇರೆಯ ಕಂಬ ಹಿಡಿದು ನಿಂತಿದ್ದ ಮಗಳನ್ನು ನೋಡಿದಳು. ಮಗಳು ತಲೆ ತಗ್ಗಿಸಿದಳು.

ಕೇಸು ಒಪ್ಪಿಸಿದವಳೇ ಕಳ್ಳಿಯೇ?

"ತಗಡು ಕೊಡಮ್ಮ, ನೋಡೋಣ," ಮೇಷ್ಟ್ರು ಕೈ ಚಾಚಿದರು.

ನರ್ಸರಿಯಮ್ಮನ ಮುಷ್ಟಿ ಮುಚ್ಚಿಕೊಂಡಿತು. ತಗಡಿನ ಅಂಚು ಕೊಯ್ದಿರಬೇಕು, ಬೆರಳ ಸಂದಿಯಲ್ಲಿ ರಕ್ತ ಕಂಡಿತು.

"ಈ ಗಿಡ ನಂದಲ್ಲ," ಎಂದಳು.

"ಏನು?" ಎಂದೆ ನಾನು. "ಏನಂದ್ರಿ?"

"ನಂದಲ್ಲ. ನಾನು ತಪ್ಪು ತಿಳ್ಕೊಂಡೆ. ಕ್ಷಮಿಸಿ."

"ಅಮ್ಮ, ನಿಮಗೇನು ತಲೆ ಕೆಟ್ಟಿದ್ಯಾ? ಹನ್ನೊಂದು ವರ್ಷ!"

"ನಂದಲ್ಲ ಅಂದ್ನಲ್ಲ!" ಅವಳು ನನ್ನ ಮೇಲೆ ರೇಗಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ನೂರು ಜನರ ಮುಂದೆ ಮಗಳನ್ನು ಕಳ್ಳಿ ಎನ್ನಿಸುವುದಕ್ಕಿಂತ ತನ್ನ ಹೂವನ್ನೇ ಬಿಟ್ಟುಕೊಡಲು ಹೊರಟಿದ್ದಳು ಆ ತಾಯಿ. ನನಗೆ ಅವಳನ್ನು ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು. ಅಪ್ಪಿಕೊಂಡು ಅಳಬೇಕು ಎಂದೂ ಅನ್ನಿಸಿತು.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. "ಕೊನೇ ಸಲ ಕೇಳ್ತೀನಿ ಮಗಳೇ. ಈ ಗಿಡ ನಿನ್ನದಾ?"

"ಅಲ್ಲ."

"ಸುಳ್ಳು!"

ಮಗಳು ಗುಂಪನ್ನು ಸೀಳಿಕೊಂಡು ಬಂದಳು. ಕೆನ್ನೆ ಕೆಂಪಾಗಿತ್ತು. "ಅಮ್ಮ ಸುಳ್ಳು ಹೇಳ್ತಿದಾಳೆ. ಗಿಡ ಅಮ್ಮಂದೇ. ಸೀಳಿದ್ದು ನಾನು. ಅಮ್ಮನಿಗೆ ಎಷ್ಟು ಹೇಳಿದ್ರೂ ಇನ್ನೊಂದು ವರ್ಷ ನೋಡೋಣ, ಇನ್ನೊಂದು ವರ್ಷ ನೋಡೋಣ ಅಂತ ಹೊರಗೇ ತರ್ತಿರಲಿಲ್ಲ. ತಿಳಿದೋರು ಯಾರಾದ್ರೂ ಬೆಳೆಸಿ ನೋಡಿ ಚೆನ್ನಾಗಿದೆ ಅಂದ್ರೆ ಒಪ್ಕೊಳ್ತಾಳೆ ಅಂತ ಒಂದು ತುಂಡು ಕೊಟ್ಟೆ. ಗಿಡ ಕಳುವಾದ ಮೇಲೆ ಅಮ್ಮನಿಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ ಅಕ್ಕಾ. ಆದ್ರೆ ನಾನು ಕೊಟ್ಟಿದ್ದು ಇವನಿಗಲ್ಲ! ಇವನ ಮುಖಾನೇ ನಾನು ನೋಡಿಲ್ಲ!"

"ಮತ್ತೆ ಯಾರಿಗೆ ಕೊಟ್ಟೆ?" ಎಂದೆ.

ಅವಳು ಕೈ ಎತ್ತಿದಳು. ಅವಳ ಬೆರಳು ಬೂಟುರಾಯನನ್ನು ದಾಟಿತು, ಕಳಚಿದ ಕುಂಡವನ್ನು ದಾಟಿತು, ತೆರೆದ ಪುಸ್ತಕದ ಹಿಂದಿನ ಬಿಳಿ ಗಡ್ಡದ ಮುಂದೆ ನಿಂತಿತು.

"ಮೇಷ್ಟ್ರ ಕೈಗೆ. ಅಮ್ಮನಿಗೆ ಹೇಳಬೇಡ, ಆಶ್ಚರ್ಯ ಪಡಿಸೋಣ ಅಂತ ಅವರೇ ಅಂದ್ರು."

ಸಾಕ್ಷಿ ಉಳಿಯದಂತೆ ತಾಯಿಗಿಡವನ್ನು ಪಾತಿಯಿಂದ ಕೀಳಿಸಿದವರು ಯಾರು, ಬೂಟುರಾಯ ಯಾರ ಕೈಗೊಂಬೆ ಎಂಬುದು ನನಗೆ ಆಗ ಹೊಳೆಯಿತು. ನರ್ಸರಿಯಮ್ಮನ ಮುಷ್ಟಿ ತೆರೆಯಿತು, ತಗಡು ಹುಲ್ಲಿನ ಮೇಲೆ ಬಿತ್ತು. ನಾನು ಅದರ ಮೇಲೆ ಕಾಲಿಟ್ಟು ನಿಂತೆ.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಅವರು ಬೆವರಲೂ ಇಲ್ಲ. ಗಡಿಯಾರ ನೋಡಿಕೊಂಡರು, ಆಮೇಲೆ ತಮ್ಮ ಶಿಷ್ಯೆಯ ಕಡೆ ತಿರುಗಿ, ಅದೇ ತಂದೆಯಂಥ ದನಿಯಲ್ಲಿ ಹೇಳಿದರು.

"ಹುಡುಗಿ ಗಾಬರಿಯಲ್ಲಿ ಏನೇನೋ ಮಾತಾಡ್ತಿದೆ. ಗಿಡ ತನ್ನದಲ್ಲ ಅಂತ ನೀನೇ ಬಾಯಿಬಿಟ್ಟು ಹೇಳಿದ್ದೀಯ ಮಗಳೇ. ನೂರು ಜನ ಕೇಳಿದ್ದಾರೆ."

ಮತ್ತೆ ತಲೆ ಬಗ್ಗಿಸಿ, ಬೂಟುರಾಯನ ಹೆಸರು ಬರೆದು, ಪುಸ್ತಕಕ್ಕೆ ಸಹಿ ಹಾಕಿದರು.